ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಆಟದಲ್ಲಿ ಹೊಸಬರು ಸೈನ್ಯವನ್ನು ಹೇಗೆ ಕಟ್ಟಬೇಕು?

1999ರ ಈ ಕಂಪ್ಯೂಟರ್ ಯುದ್ಧತಂತ್ರದ ಆಟದಲ್ಲಿ ಪ್ರತಿ ವಾರದ ಮೊದಲ ದಿನ ನಗರಕ್ಕೆ ಹೊಸ ಸೈನಿಕರು ಬರುತ್ತಾರೆ. ಪೂರ್ಣ ಕೋಟೆಯಿದ್ದರೆ ಆ ಸಂಖ್ಯೆ ಇಮ್ಮಡಿಯಾಗುವುದರಿಂದ, ಏಳನೆಯ ದಿನದೊಳಗೆ ಅದನ್ನು ಕಟ್ಟುವುದಕ್ಕಾಗಿ ಚಿನ್ನವನ್ನು ಉಳಿಸಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಮೊದಲ ಪಾಠ.

ಚಿತ್ರದುರ್ಗದ ಮನೆಯಲ್ಲಿ ತಮ್ಮನಿಗೆ ಆಟ ಕಲಿಸುವಾಗ ಅವನು ಸೈನ್ಯವನ್ನು ನಾಲ್ವರು ನಾಯಕರಿಗೆ ಸಮನಾಗಿ ಹಂಚಿ, ನಾಲ್ವರನ್ನೂ ಕಳೆದುಕೊಂಡ. ಬಲವೆಲ್ಲ ಒಬ್ಬನ ಕೈಯಲ್ಲಿರಲಿ. ಉಳಿದವರು ಮರ, ಅದಿರು ಸಂಗ್ರಹಿಸಲಿ. ಶತ್ರು ಪಕ್ಕಕ್ಕೆ ಬಂದು ನಿಂತರೆ ಬಿಲ್ಲುಗಾರರು ಬಾಣ ಬಿಡಲಾರರು. ಆದ್ದರಿಂದ ನಮ್ಮ ಓಬವ್ವ ಒನಕೆ ಹಿಡಿದು ಕಿಂಡಿಯನ್ನು ಕಾದಂತೆ, ಬಿಲ್ಲುಗಾರರನ್ನು ರಣರಂಗದ ಮೂಲೆಯಲ್ಲಿರಿಸಿ, ಪಕ್ಕದ ಅಂಕಣಗಳಲ್ಲಿ ಗಟ್ಟಿ ಕಾಲಾಳುಗಳನ್ನು ನಿಲ್ಲಿಸಬೇಕು.

ಹಲವು ಬಗೆಯ ನಗರಗಳ ಪಡೆಗಳನ್ನು ಬೆರೆಸಿದರೆ ಸೈನ್ಯದ ಸ್ಥೈರ್ಯ ಕುಗ್ಗುತ್ತದೆ. ನಾಯಕನ ದಿನದ ನಡಿಗೆಯನ್ನು ಅತ್ಯಂತ ನಿಧಾನದ ತುಕಡಿಯೇ ನಿರ್ಧರಿಸುತ್ತದೆ.