ಚಳಿಯಲ್ಲಿ ಸರಿಯಿದ್ದ ಲೋಡ್ ಬೇಸಿಗೆಯಲ್ಲಿ ಯಾಕೆ ಬಿಗಿಯಾಗುತ್ತದೆ?

ಚಳಿಗಾಲದಲ್ಲಿ ನೀವೇ ಪೌಡರ್ (ಮದ್ದು) ತುಂಬಿದ .308 ರೈಫಲ್ ತೋಟಾಗಳು ಆಗ ಚೆನ್ನಾಗಿಯೇ ಇದ್ದವು. ಈಗ ಸುಡುಬಿಸಿಲಲ್ಲಿ ಅವನ್ನೇ ಹಾರಿಸಿದರೆ ರೈಫಲ್‌ನ ಹಿಂಬದಿ ಮುಚ್ಚುವ ಬೋಲ್ಟ್ ಎತ್ತುವುದೇ ಕಷ್ಟ, ಪೌಡರ್‌ಗೆ ಕಿಡಿ ಹಚ್ಚುವ ಪ್ರೈಮರ್ ಚಪ್ಪಟೆಯಾಗುತ್ತಿದೆ. ಪೌಡರ್ ಅದೇ, ತೂಕ ಅದೇ, ಅಂದರೆ ಲೋಡ್ ಅದೇ. ಬಿಸಿಲೇ ಕಾರಣವಾ ಅಂತ ಕೇಳಿದ್ದೀರಿ.

ಬಹುಮಟ್ಟಿಗೆ ಹೌದು. ಉಳಿದ ವಿಷಯಕ್ಕೆ ಮೊದಲು ಒಂದು ಮಾತು: ಆ ಡಬ್ಬಿಯಲ್ಲಿ ಮಿಕ್ಕಿರುವ ತೋಟಾಗಳನ್ನು ಈ ಬಿಸಿಲಲ್ಲಿ ದಯವಿಟ್ಟು ಹಾರಿಸಬೇಡಿ.

ರೈಫಲ್ ಪೌಡರ್ ಸ್ಫೋಟಿಸುವುದಿಲ್ಲ, ಉರಿಯುತ್ತದೆ. ಪ್ರತಿ ಕಾಳೂ ಹೊರಮೈಯಿಂದ ಒಳಕ್ಕೆ ಉರಿಯುತ್ತಾ ಹೋಗುತ್ತದೆ. ಉರಿಯಬೇಕಾದರೆ ಆ ಹೊರಮೈ ಒಂದು ಮಟ್ಟದವರೆಗೆ ಕಾಯಬೇಕು. ಮೊದಲೇ ಬೆಚ್ಚಗಿರುವ ನೀರು ಬೇಗ ಕುದಿಯುವಂತೆ, ಮೊದಲೇ ಬಿಸಿಯಾಗಿರುವ ಕಾಳು ಬೇಗ ಉರಿಯುತ್ತದೆ. ಇಷ್ಟೇ ಆಗಿದ್ದರೆ ಅಷ್ಟೊಂದು ಚಿಂತೆ ಇರುತ್ತಿರಲಿಲ್ಲ. ಆದರೆ ಈ ಪೌಡರ್ ಒತ್ತಡ ಏರಿದಷ್ಟೂ ಇನ್ನೂ ಜೋರಾಗಿ ಉರಿಯುತ್ತದೆ. ಜೋರಾಗಿ ಉರಿದರೆ ಒತ್ತಡ ಮತ್ತೆ ಏರುತ್ತದೆ. ಶುರುವಿನಲ್ಲಿದ್ದ ಸಣ್ಣ ವ್ಯತ್ಯಾಸ ಗುಂಡು ನಳಿಗೆಯಲ್ಲಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ದೊಡ್ಡದಾಗಿಬಿಡುತ್ತದೆ. ಲೋಡ್ ಮೊದಲೇ ಗರಿಷ್ಠ ಮಿತಿಯ ಹತ್ತಿರ ಇದ್ದರೆ ಅದು ಮಿತಿ ದಾಟುವುದು ಇಲ್ಲೇ. .308ಕ್ಕೆ ತೋಟಾಗಳ ಮಾನದಂಡ ನಿಗದಿಪಡಿಸುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರುವ ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಚಳಿಯಲ್ಲಿ ಅದರ ಅಂಚಿಗೆ ತಂದು ನಿಲ್ಲಿಸಿದ ಲೋಡ್‌ಗೆ ಬೇಸಿಗೆಯಲ್ಲಿ ಏರಲು ಜಾಗವೇ ಇರುವುದಿಲ್ಲ ಅಲ್ವಾ?

ಎಷ್ಟು ಏರುತ್ತದೆ ಅನ್ನುವುದು ಪೌಡರ್ ಮೇಲೆ ಹೋಗುತ್ತದೆ. ಕೆಲವು ಪೌಡರ್‌ಗಳಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸೆಕೆಂಡಿಗೆ ಒಂದು ಅಡಿಯೂ ಹೆಚ್ಚುವುದಿಲ್ಲ. ಇನ್ನು ಕೆಲವಲ್ಲಿ ಎರಡು, ಮೂರು ಅಡಿ ಹೆಚ್ಚುತ್ತದೆ. ಎರಡು ಅಡಿ ಅಂತಲೇ ಇಟ್ಟುಕೊಳ್ಳಿ. ಪೌಡರ್ 10 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ 60 ಅಡಿ. ವೇಗದ ಲೆಕ್ಕದಲ್ಲಿ ಇದು ಸಣ್ಣದಾಗಿ ಕಾಣುತ್ತದೆ, ಆದರೆ ಶೇಕಡಾವಾರು ನೋಡಿದರೆ ವೇಗಕ್ಕಿಂತ ಒತ್ತಡ ಜಾಸ್ತಿ ಏರಿರುತ್ತದೆ. ವಾರ್ಗೆಟ್, ಎಚ್4350 ಥರದ ಪೌಡರ್‌ಗಳನ್ನು ಈ ಏರಿಳಿತ ಕಡಿಮೆ ಇರುವಂತೆಯೇ ತಯಾರಿಸುತ್ತಾರೆ. ನನಗೂ ಅಂಥವೇ ಇಷ್ಟ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಒಂದು ತೋಟಾದಲ್ಲಿ ಅಲುಗಾಡದ ಪೌಡರ್ ಇನ್ನೊಂದು ಅಳತೆಯ ತೋಟಾದಲ್ಲಿ ಅಷ್ಟೇ ಸ್ಥಿರವಾಗಿರುತ್ತದೆ ಅಂತ ನಂಬಬೇಡಿ.

ತುಂಬಾ ಜನ ಎಡವುವುದು ಬೇರೆ ಕಡೆ. ಅವರು ಗಾಳಿಯ ಉಷ್ಣಾಂಶ ನೋಡುತ್ತಾರೆ. ಲೆಕ್ಕಕ್ಕೆ ಬರುವುದು ಪೌಡರ್‌ನ ಉಷ್ಣಾಂಶ. ನೆರಳಲ್ಲಿ 32 ಡಿಗ್ರಿ ಇರುವ ದಿನ ಬಿಸಿಲಿಗೆ ಬಿಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಮುಚ್ಚಿದ ಕಾರಿನೊಳಗೂ ಅಷ್ಟೇ. ಇನ್ನೊಂದು ಜಾಗ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ. ಸಾಲಾಗಿ ಹತ್ತು ಗುಂಡು ಹಾರಿಸಿ, ನಳಿಗೆ ಕಾದಿರುವಾಗ ಮುಂದಿನ ತೋಟಾ ಒಳಗೆ ಹಾಕಿ, ಗಾಳಿ ತಗ್ಗಲಿ ಅಂತ ಎರಡು ನಿಮಿಷ ಗುರಿ ಹಿಡಿದು ಕೂತರೆ ಆ ತೋಟಾ ಅಷ್ಟು ಹೊತ್ತೂ ಬೇಯುತ್ತಿರುತ್ತದೆ. ಹಾಗಾಗಿ ಟ್ರಿಗರ್ ಒತ್ತಲು ಸಿದ್ಧವಾದ ಮೇಲೆ ಮಾತ್ರ ತೋಟಾ ಹಾಕಿ. ಡಬ್ಬಿ ನೆರಳಲ್ಲಿರಲಿ.

ಈಗ ಮಾಡಬೇಕಾದದ್ದು. ಲೋಡ್ ಅನ್ನು ತೋಟಾ ತುಂಬುವ ಕೈಪಿಡಿಯ ಆರಂಭದ ತೂಕಕ್ಕೆ ಇಳಿಸಿ. ನೀವು ನಿಜವಾಗಿ ಹಾರಿಸುವ ಅತಿ ಬಿಸಿಯ ದಿನದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬನ್ನಿ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಂಡು. ಅದೇ ಗುಂಡು, ಅಷ್ಟೇ ಉದ್ದದ ನಳಿಗೆಗೆ ಕೈಪಿಡಿ ಹೇಳುವ ಗರಿಷ್ಠ ವೇಗವನ್ನು ನಿಮ್ಮ ಲೋಡ್ ಮೀರಿದರೆ ಒತ್ತಡವೂ ಮೀರಿದೆ ಅಂತಲೇ ತಿಳಿಯಿರಿ. ಪ್ರೈಮರ್ ಚೆನ್ನಾಗಿ ಕಂಡರೂ ಸರಿ. ಪ್ರೈಮರ್ ನೋಡಿ ಒತ್ತಡ ಅಳೆಯಲು ಆಗುವುದಿಲ್ಲ. ಮೆತ್ತಗಿನ ಪ್ರೈಮರ್ ಬೇಗ ಚಪ್ಪಟೆಯಾಗುತ್ತದೆ, ಗಟ್ಟಿಯದು ಮಿತಿ ದಾಟಿದರೂ ಸುಮ್ನೆ ಇರುತ್ತದೆ. ಬೋಲ್ಟ್ ಬಿಗಿಯಾಗುವುದು, ಕೇಸ್‌ನ (ತೋಟಾದ ಲೋಹದ ಕವಚದ) ತಳದಲ್ಲಿ, ಖಾಲಿ ಕೇಸ್ ಹೊರತಳ್ಳುವ ಎಜೆಕ್ಟರ್‌ನ ಹೊಳೆಯುವ ಗುರುತು ಬೀಳುವುದು ಇವೆಲ್ಲ ತಡವಾಗಿ ಬರುವ ಸೂಚನೆಗಳು. ಅವು ಕಾಣುವ ಹೊತ್ತಿಗೆ ಒತ್ತಡ ಸಾಮಾನ್ಯವಾಗಿ ಮಿತಿ ದಾಟಿರುತ್ತದೆ. ನೋಟ್‌ಬುಕ್ಕಿನಲ್ಲಿ ವೇಗದ ಪಕ್ಕ ತೋಟಾ ಎಷ್ಟು ಬಿಸಿ ಇತ್ತು ಅಂತಲೂ ಬರೆದಿಡಿ.

ಚಳಿಯಲ್ಲಿ ಈ ಲೋಡ್ ನಿಧಾನವಾಗುತ್ತದೆ, ದೂರದ ಗುರಿಗೆ ಗುಂಡು ಸ್ವಲ್ಪ ಕೆಳಗೆ ಬೀಳುತ್ತದೆ. ಅದನ್ನು ಸ್ಕೋಪ್‌ನಲ್ಲಿ ಸರಿಮಾಡಿಕೊಳ್ಳಿ, ಪೌಡರ್ ಹೆಚ್ಚಿಸಬೇಡಿ.

ಲೋಡ್ ಇಳಿಸಿದ ಮೇಲೂ ಬೋಲ್ಟ್ ಬಿಗಿಯಾಗಿಯೇ ಇದ್ದರೆ ಬಿಸಿಲನ್ನು ಬಿಟ್ಟು ಬೇರೆಡೆ ಹುಡುಕಿ. ಚೇಂಬರ್‌ನಲ್ಲಿ ಎಣ್ಣೆಯೋ ಬೆವರೋ ಇದ್ದರೆ ಕೇಸ್ ಗೋಡೆಗೆ ಹಿಡಿದುಕೊಳ್ಳದೆ ಬೋಲ್ಟ್ ಮೇಲೆ ಭಾರ ಹಾಕುತ್ತದೆ. ಹಲವು ಸಲ ಬಳಸಿದ ಕೇಸ್ ಉದ್ದವಾಗಿ, ಅದರ ಬಾಯಿ ಚೇಂಬರ್ ತುದಿಗೆ ಒತ್ತಿಕೊಂಡು ಗುಂಡನ್ನು ಬಿಗಿಹಿಡಿದಿರಲೂಬಹುದು. ಕ್ಯಾಲಿಪರ್ ಹಿಡಿದು ಕೇಸ್ ಉದ್ದ ಅಳೆಯಿರಿ. .308ಕ್ಕೆ ಗರಿಷ್ಠ 2.015 ಇಂಚು.