ಎದುರು ಪಕ್ಷ ತನ್ನ ಅಭ್ಯರ್ಥಿಗಳಿಗೆ ವರ್ಗಾಯಿಸಿದ ಚುನಾವಣಾ ಹಣದ ವಿಷಯವನ್ನು ಲೋಕಸಭೆಯಲ್ಲಿ ಎತ್ತಲು ಯಾವ ಅಂಕಿ ಹೆಚ್ಚು ಪರಿಣಾಮಕಾರಿ?

ನಾನೂ ಲೋಕಸಭೆಯ ಸದಸ್ಯರೊಬ್ಬರ ಕಚೇರಿಯಲ್ಲಿ ಸಂಶೋಧನಾ ಸಹಾಯಕನಾಗಿ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಕುಳಿತಿದ್ದೆ. ಚುನಾವಣಾ ಸುಧಾರಣೆಗೆ ಸಂಬಂಧಿಸಿದ ಖಾಸಗಿ ಸದಸ್ಯರ (ಅಂದರೆ ಸಚಿವರಲ್ಲದ ಸದಸ್ಯರು ತರುವ) ಮಸೂದೆಯೊಂದು ಶುಕ್ರವಾರದ ಚರ್ಚೆಗೆ ಬರಲಿತ್ತು. ನಮ್ಮ ಸದಸ್ಯರಿಗೆ ಮಾತನಾಡಲು ಸಿಗುತ್ತಿದ್ದ ಸಮಯ ಬಹಳ ಕಡಿಮೆ. ಆದ್ದರಿಂದ ಎದುರು ಪಕ್ಷ ಚುನಾವಣೆಗೆ ಸುರಿದ ಹಣದ ಒಟ್ಟು ಮೊತ್ತವನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಸದನದ ಗಮನ ಸೆಳೆಯಬಹುದೆಂದು ನಾನು ಭಾವಿಸಿದ್ದೆ. ನೀವೂ ಹಾಗೆಯೇ ಭಾವಿಸಿದ್ದೀರಿ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗುತ್ತದೆ.

ಪಕ್ಷಗಳು ಲೋಕಸಭಾ ಚುನಾವಣೆಯ ನಂತರ 90 ದಿನಗಳೊಳಗೆ, ವಿಧಾನಸಭಾ ಚುನಾವಣೆಯ ನಂತರ 75 ದಿನಗಳೊಳಗೆ ತಮ್ಮ ವೆಚ್ಚದ ವಿವರವನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಅಭ್ಯರ್ಥಿಗಳು ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪ್ರತ್ಯೇಕವಾಗಿ ಲೆಕ್ಕ ಕೊಡಬೇಕು. ನಾನು ಆ ಪಕ್ಷದ ಕೇಂದ್ರ ಕಚೇರಿಯ ಲೆಕ್ಕ, ರಾಜ್ಯ ಘಟಕಗಳ ಲೆಕ್ಕ ಮತ್ತು ಅಭ್ಯರ್ಥಿಗಳ ಲೆಕ್ಕ ಮೂರನ್ನೂ ಕಲೆಹಾಕಿ ಕೂಡಿಸಿದೆ. ಬಂದ ಮೊತ್ತ ದಂಗುಬಡಿಸುವಂತಿತ್ತು. ಅದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಬರೆದೆ.

ತಪ್ಪು ನಡೆದದ್ದು ಅಲ್ಲಿಯೇ. ನಿಮಗೂ ಅದೇ ಆಗಬಾರದೆಂಬ ಕಾರಣಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಪಕ್ಷದ ಕೇಂದ್ರ ಕಚೇರಿಯಿಂದ 100 ರೂಪಾಯಿ ಹೊರಗೆ ಹೋಯಿತು ಎಂದುಕೊಳ್ಳಿ. ಅದರಲ್ಲಿ 60 ರೂಪಾಯಿಯನ್ನು ಕಚೇರಿಯೇ ಜಾಹೀರಾತಿಗೂ ವಿಮಾನಕ್ಕೂ ಖರ್ಚು ಮಾಡಿತು, 40 ರೂಪಾಯಿಯನ್ನು ರಾಜ್ಯ ಘಟಕಕ್ಕೆ ಕಳುಹಿಸಿತು. ರಾಜ್ಯ ಘಟಕ ಆ 40ರಲ್ಲಿ 25ನ್ನು ತಾನೇ ಖರ್ಚು ಮಾಡಿ, ಉಳಿದ 15ನ್ನು ಅಭ್ಯರ್ಥಿಗಳಿಗೆ ಇಡಿಗಂಟಾಗಿ ಕೊಟ್ಟಿತು. ಅಭ್ಯರ್ಥಿಗಳು ಆ 15ನ್ನು ಖರ್ಚು ಮಾಡಿ ತಮ್ಮ ಲೆಕ್ಕದಲ್ಲಿ ತೋರಿಸಿದರು. ನಿಜವಾದ ವೆಚ್ಚ 100. ನನ್ನಂತೆ ಕೂಡಿಸಿದರೆ 100, 40 ಮತ್ತು 15 ಸೇರಿ 155 ಆಗುತ್ತದೆ. ಒಂದೇ ಕೊಡದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಾ ಪ್ರತಿ ಸಲವೂ ಹೊಸ ನೀರೆಂದು ಎಣಿಸಿದ ಹಾಗೆ.

ಹಾಗಿದ್ದರೆ ವರ್ಗಾವಣೆಯ ಮೊತ್ತವನ್ನು ಕಳೆದುಬಿಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಪಕ್ಷದ ಲೆಕ್ಕ ಚುನಾವಣೆ ಘೋಷಣೆಯಾದ ದಿನದಿಂದ ಆರಂಭವಾಗುತ್ತದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಅಭ್ಯರ್ಥಿಯ ಲೆಕ್ಕ ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ. ಎರಡು ಅವಧಿಗಳೂ ಒಂದೇ ಅಲ್ಲ. ಆಂಧ್ರಪ್ರದೇಶ, ಒಡಿಶಾಗಳಂತೆ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆಯುವ ರಾಜ್ಯಗಳಲ್ಲಿ ಒಂದೇ ಸಭೆಯ ವೇದಿಕೆ ಎರಡೂ ಚುನಾವಣೆಗಳಿಗೆ ಪ್ರಚಾರ ಮಾಡಿರುತ್ತದೆ. ಇದಲ್ಲದೆ, ತಾರಾ ಪ್ರಚಾರಕರ, ಅಂದರೆ ಪಕ್ಷವು ಪ್ರಚಾರಕ್ಕೆಂದು ಪಟ್ಟಿ ಮಾಡಿ ಆಯೋಗಕ್ಕೆ ತಿಳಿಸಿದ ಪ್ರಮುಖ ನಾಯಕರ, ಸಭೆಯಲ್ಲಿ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ ಅಥವಾ ಅವರ ಹೆಸರು, ಭಾವಚಿತ್ರಗಳು ಅಲ್ಲಿದ್ದರೆ ಸಭೆಯ ಖರ್ಚಿನ ಪಾಲು ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಹಣ ಕೊಟ್ಟದ್ದು ಪಕ್ಷವೇ ಆದ್ದರಿಂದ ಅದೇ ಸಭೆ ಪಕ್ಷದ ಲೆಕ್ಕದಲ್ಲಿಯೂ ಕಾಣಿಸಬಹುದು. ಹೊರಗಿನವರು ಪ್ರಕಟಿತ ದಾಖಲೆಗಳಷ್ಟನ್ನೇ ಇಟ್ಟುಕೊಂಡು ಇವನ್ನೆಲ್ಲ ಬಿಡಿಸಿ, ಸದನದಲ್ಲಿ ಸಹಿ ಹಾಕಿ ನಿಲ್ಲಬಹುದಾದ ಒಂದು ಮೊತ್ತವನ್ನು ತಲುಪುವುದು ಸಾಧ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಸದಸ್ಯರು ಆ ಮೊತ್ತವನ್ನು ಓದಿದ ಕೂಡಲೇ ಎದುರು ಸಾಲಿನ ಸದಸ್ಯರೊಬ್ಬರು ಅನುಮತಿ ಪಡೆದು ಎದ್ದು ನಿಂತರು. ಅವರು ತಮ್ಮ ಪಕ್ಷದ ಲೆಕ್ಕಪತ್ರಗಳನ್ನು ನೋಡಿಕೊಂಡ ಅನುಭವಿಗಳು. ಕೇಂದ್ರ ಕಚೇರಿ ರಾಜ್ಯ ಘಟಕಕ್ಕೆ ಕಳುಹಿಸಿದ ಹಣವನ್ನು ಈ ಮೊತ್ತದಿಂದ ಕಳೆದಿದ್ದೀರಾ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಅವರು ಕುಳಿತರು. ಪೀಠದಲ್ಲಿದ್ದವರು ಆಧಾರ ದಾಖಲೆಯನ್ನು ದೃಢೀಕರಿಸಿ ಮಂಡಿಸುವಂತೆ ಸೂಚಿಸಿದರು. ಲೋಕಸಭೆಯ ಕಾರ್ಯವಿಧಾನ ನಿಯಮ 369ರ ಪ್ರಕಾರ ಸದನದಲ್ಲಿ ಮಂಡಿಸುವ ಕಾಗದವನ್ನು ಮಂಡಿಸುವ ಸದಸ್ಯರೇ ದೃಢೀಕರಿಸಬೇಕು. ಅಂದರೆ ಆ ಮೊತ್ತದ ಹೊಣೆ ನಮ್ಮ ಸದಸ್ಯರದ್ದೇ ಹೊರತು ನನ್ನದಲ್ಲ. ಅವರು ಆ ವಾಕ್ಯವನ್ನು ಹಿಂತೆಗೆದುಕೊಂಡರು. ಅವರ ಭಾಷಣದ ಉಳಿದ ಭಾಗದಲ್ಲಿ ಪಕ್ಷಗಳ ವೆಚ್ಚಕ್ಕೆ ಮಿತಿಯೇ ಇಲ್ಲ ಎಂಬ ನಿಜವಾದ ವಾದವಿತ್ತು. ಆ ಗದ್ದಲದಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ಅಧಿವೇಶನದಲ್ಲಿ ನಮ್ಮ ಕಡೆಯವರು ಚುನಾವಣಾ ವೆಚ್ಚದ ಮಾತೆತ್ತಿದಾಗಲೆಲ್ಲ ಆ ಹಿಂತೆಗೆದ ವಾಕ್ಯವೇ ಎದುರು ಸಾಲಿನಿಂದ ಉತ್ತರವಾಗಿ ಬರುತ್ತಿತ್ತು. ನನಗೆ ಮತ್ತೆ ಸದನದ ಟಿಪ್ಪಣಿ ಬರೆಯಲು ಹೇಳಲಿಲ್ಲ, ಕೆಲವು ತಿಂಗಳ ನಂತರ ನಾನು ಆ ಕೆಲಸವನ್ನೇ ಬಿಟ್ಟೆ.

ಈಗ ನಿಮ್ಮ ಪ್ರಶ್ನೆಯ ತಳಹದಿಯ ಬಗ್ಗೆ ಹೇಳಬೇಕು. ಪಕ್ಷವು ಅಭ್ಯರ್ಥಿಗೆ ಹಣ ವರ್ಗಾಯಿಸಿದ್ದನ್ನೇ ನೀವು ಅಕ್ರಮದ ಸುಳಿವೆಂದು ಹಿಡಿದಿದ್ದೀರಿ. ಅದು ಸರಿಯಲ್ಲ. ಅಭ್ಯರ್ಥಿಗೆ ಕೊಡುವ ನೆರವು ನಗದಾಗಿರದೆ ಚೆಕ್, ಡಿ.ಡಿ. ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಇರಬೇಕು ಮತ್ತು ಅದು ಅಭ್ಯರ್ಥಿಯ ವೆಚ್ಚದ ಮಿತಿಯನ್ನು ಮೀರಬಾರದು ಎಂದು ಚುನಾವಣಾ ಆಯೋಗವೇ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬ್ಯಾಂಕಿನ ಮೂಲಕ ಹೋದ ಹಣ ಕಣ್ಣಿಗೆ ಕಾಣುವ ಹಣ. ಅದರ ಮೇಲೆಯೇ ಎಗರಿ ಬಿದ್ದರೆ, ಲೆಕ್ಕ ತೋರಿಸಿದವರನ್ನು ದಂಡಿಸಿ, ತೋರಿಸದವರನ್ನು ಬಿಟ್ಟಂತಾಗುತ್ತದೆ.

ಕೇಳಬೇಕಾದದ್ದು ಮಿತಿಯ ವಿಷಯ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ 95 ಲಕ್ಷ ರೂಪಾಯಿಯ ಮಿತಿ ನಿಗದಿಯಾಯಿತು. ಅದೇ ಅಭ್ಯರ್ಥಿಯ ಪಕ್ಷ, ಅಭ್ಯರ್ಥಿಯ ಹೆಸರೆತ್ತದೆ ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಇದು ಕಣ್ತಪ್ಪಿನಿಂದ ಉಳಿದ ಅಂತರವಲ್ಲ, ಸಂಸತ್ತೇ ತಿಳಿದು ಉಳಿಸಿಕೊಂಡದ್ದು. ಕನ್ವರ್ ಲಾಲ್ ಗುಪ್ತ ಮತ್ತು ಅಮರನಾಥ ಚಾವ್ಲಾ ಪ್ರಕರಣದಲ್ಲಿ 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಮಿತಿಯೊಳಗೇ ಎಣಿಸಬೇಕೆಂದು ಹೇಳಿತು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು, ನಂತರ ಅದನ್ನು ಕಾಯ್ದೆಯಾಗಿಸಿ, ಪಕ್ಷ ಮಾಡಿದ ವೆಚ್ಚ ಅಭ್ಯರ್ಥಿಯ ವೆಚ್ಚವಲ್ಲ ಎಂಬ ವಿವರಣೆಯೊಂದನ್ನು 77ನೇ ಕಲಮಿಗೆ ಸೇರಿಸಿ ಆ ತೀರ್ಪನ್ನು ನಿಷ್ಫಲಗೊಳಿಸಿತು. 2003ರ ತಿದ್ದುಪಡಿ ಆ ವಿನಾಯಿತಿಯನ್ನು ಬಹುಮಟ್ಟಿಗೆ ಕಿರಿದುಗೊಳಿಸಿ ತಾರಾ ಪ್ರಚಾರಕರ ಪ್ರಯಾಣದ ವೆಚ್ಚಕ್ಕೆ ಸೀಮಿತಗೊಳಿಸಿತು. ಆದರೆ ಪಕ್ಷದ ಒಟ್ಟು ವೆಚ್ಚಕ್ಕೆ ಮಿತಿ ಆಗಲೂ ಬರಲಿಲ್ಲ, ಈಗಲೂ ಇಲ್ಲ.

ಹಣ ಒಳಬರುವ ದಾರಿಯದ್ದೂ ಇದೇ ಕಥೆ. 2017ರ ಹಣಕಾಸು ಕಾಯ್ದೆ, ಕೊಟ್ಟವರ ಹೆಸರು ಹೊರಬೀಳದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ಗಳಿಗೆ ದಾರಿ ಮಾಡಿತು, ಕಂಪನಿಗಳ ದೇಣಿಗೆಗೆ ಇದ್ದ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿಯನ್ನು ತೆಗೆಯಿತು. ರಾಜ್ಯಸಭೆ ಆ ಮಸೂದೆಗೆ ತಿದ್ದುಪಡಿಗಳನ್ನು ಸೂಚಿಸಿತು. ಅದು ಮನಿ ಬಿಲ್, ಅಂದರೆ ರಾಜ್ಯಸಭೆಯ ಸೂಚನೆಗಳನ್ನು ಲೋಕಸಭೆ ಒಪ್ಪಲೇಬೇಕಿಲ್ಲದ ಹಣಕಾಸಿನ ಮಸೂದೆ, ಆಗಿದ್ದುದರಿಂದ ಲೋಕಸಭೆ ಅವನ್ನು ತಳ್ಳಿಹಾಕಲು ಸಾಧ್ಯವಾಯಿತು. ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೂ ಆ ಮಿತಿಯ ರದ್ದತಿಯನ್ನೂ ಅಸಾಂವಿಧಾನಿಕವೆಂದು ಹೇಳಿದ್ದು 2024ರ ಫೆಬ್ರುವರಿ 15ರಂದು. ಅಷ್ಟರಲ್ಲಿ 2019ರ ಲೋಕಸಭಾ ಚುನಾವಣೆಯೂ ಹಲವು ವಿಧಾನಸಭಾ ಚುನಾವಣೆಗಳೂ ಮುಗಿದುಹೋಗಿದ್ದವು. ಚರ್ಚೆಯಲ್ಲಿ ನನ್ನನ್ನು ಇಂದಿಗೂ ಕಾಡುವುದು ಈ ವಿಷಯವೇ: ಸದಸ್ಯರು ಪರಸ್ಪರರ ಖರ್ಚನ್ನು ಎತ್ತಿ ತೋರಿಸುವುದರಲ್ಲಿ ಕಳೆಯುವ ಶಕ್ತಿಯ ಅರ್ಧದಷ್ಟನ್ನಾದರೂ ಮಸೂದೆಯ ಪದಗಳ ಮೇಲೆ ಹಾಕಿದ್ದರೆ 1974ರಲ್ಲಿಯೂ 2017ರಲ್ಲಿಯೂ ದಾಖಲೆಯಲ್ಲಿ ಉಳಿಯುವ ಪ್ರತಿರೋಧ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ಆದ್ದರಿಂದ ನಿಮ್ಮ ಟಿಪ್ಪಣಿಯಿಂದ ಒಟ್ಟು ಮೊತ್ತವನ್ನು ತೆಗೆದುಹಾಕಿ. ಯಾವುದೇ ಅಂಕಿ ಬೇಕೇ ಬೇಕೆಂದಾದರೆ ಒಂದು ಪಕ್ಷದ, ಒಂದು ದಾಖಲೆಯ, ಒಂದು ಸಾಲನ್ನು ಮಾತ್ರ ಉಲ್ಲೇಖಿಸಿ, ಅದರ ಪ್ರತಿಯನ್ನು ಸದಸ್ಯರ ಕೈಗೆ ಕೊಡಿ. ಯಾರ ಮೇಲಾದರೂ ಹೆಸರಿಟ್ಟು ಆರೋಪ ಮಾಡುವುದಾದರೆ ನಿಯಮ 353ರಂತೆ ಸಭಾಧ್ಯಕ್ಷರಿಗೂ ಸಂಬಂಧಪಟ್ಟ ಸಚಿವರಿಗೂ ಮುಂಚಿತವಾಗಿ ನೋಟಿಸ್ ಕೊಡಬೇಕೆಂಬುದನ್ನು ಮರೆಯಬೇಡಿ.

ಭಾಷಣಕ್ಕಿಂತ ಮೊದಲು ಕಾನೂನು ಮತ್ತು ನ್ಯಾಯ ಸಚಿವಾಲಯಕ್ಕೆ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಬರುವ, ಪ್ರಶ್ನೆಯೊಂದನ್ನು ಸದಸ್ಯರ ಮೂಲಕ ಕಳುಹಿಸಿ. ನೋಟಿಸಿಗೆ ಕನಿಷ್ಠ 15 ದಿನಗಳ ಅವಧಿ ಬೇಕು, ಹಾಗಾಗಿ ಇಂದೇ ಬರೆಯಿರಿ. ಪಕ್ಷಗಳ ವೆಚ್ಚಕ್ಕೆ ಮಿತಿ ವಿಧಿಸುವ ಬಗ್ಗೆ ಸರ್ಕಾರಕ್ಕೆ ಯಾವ ಯಾವ ಶಿಫಾರಸುಗಳು ಬಂದಿವೆ, ಪ್ರತಿಯೊಂದರ ಮೇಲೆ ಯಾವ ದಿನಾಂಕದಂದು ಯಾವ ತೀರ್ಮಾನವಾಯಿತು ಎಂದಷ್ಟೇ ಕೇಳಿ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರ ಬಂದರೂ ನಿರಾಶರಾಗಬೇಡಿ: ಆ ಉತ್ತರ ಸರ್ಕಾರದ ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕಾಗುತ್ತದೆ, ಈಡೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯದ ಅಧಿಕಾರಿಗಳನ್ನೇ ಕರೆಸಿ ಕೇಳಬಹುದು.