ಮ್ಯಾಗ್ನೋಲಿಯಾ ಅರ್ಧಕ್ಕೆ ಬಿಡಬೇಡಿ

'ಮ್ಯಾಗ್ನೋಲಿಯಾ' ಇಂಗ್ಲಿಷ್ ಸಿನಿಮಾ ಒಂದು ಗಂಟೆ ನೋಡಿದೆ, ಯಾರು ಯಾರಿಗೆ ಏನಾಗಬೇಕು ಅಂತಲೇ ತಿಳಿಯುತ್ತಿಲ್ಲ, ಮುಂದೆ ನೋಡಲಾ ಅಂತ ಕೇಳಿದ್ದೀರಿ. ಖಂಡಿತ ನೋಡಿ.

ಎಲ್ಲರನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ. ಟಿವಿಯ ಆ ಮಕ್ಕಳ ಕ್ವಿಜ್ ಇದೆಯಲ್ಲ, ಅದೇ ನಡುಗಂಬ. ಸಾಯಲು ಮಲಗಿರುವ ಅರ್ಲ್ ಅದರ ನಿರ್ಮಾಪಕ. ಜಿಮ್ಮಿ ನಡೆಸಿಕೊಡುವವನು. ಸ್ಟ್ಯಾನ್ಲಿ ಈಗ ಗೆಲ್ಲುತ್ತಿರುವ ಹುಡುಗ, ಡಾನಿ ಹಿಂದೆ ಗೆದ್ದವನು. ಉಳಿದವರು ಜಾಸ್ತಿ ಇವರ ಮನೆಯವರೇ. ಟಾಮ್ ಕ್ರೂಸ್ ಮಾಡಿರುವ ಪಾತ್ರ ಅರ್ಲ್‌ನ ಮಗ.

ನಾನು ಇದನ್ನು ನೋಡಿದ್ದು ವಿಜಯಪುರದ ನಮ್ಮ ಮನೆಯಲ್ಲಿ, ಅಪ್ಪ ಹಾಸಿಗೆ ಹಿಡಿದಿದ್ದಾಗ. ಹೊಲದ ಪಾಲಿನ ಜಗಳದಲ್ಲಿ ಅಣ್ಣ ಮಾತು ಬಿಟ್ಟು ಬೆಳಗಾವಿ ಸೇರಿದ್ದ. ಸಿನಿಮಾದಲ್ಲಿ ಅರ್ಲ್‌ನ ನರ್ಸ್ ಫಿಲ್ ಫೋನ್ ಹಿಡಿದು, ಈ ಮುದುಕನ ಮಗನನ್ನು ಹುಡುಕಿಕೊಡಿ ಅಂತ ಗುರುತಿಲ್ಲದವರನ್ನು ಬೇಡಿಕೊಳ್ಳುತ್ತಾನೆ. ಅಲ್ಲೇ ಸಿನಿಮಾ ನಿಲ್ಲಿಸಿ ಅಣ್ಣನಿಗೆ ಫೋನ್ ಹಚ್ಚಿದೆ. ಬೆಳಗಿನ ಬಸ್ಸಿಗೆ ಬಂದ. ಅಪ್ಪನ ಕಾಲ ಬಳಿ ಕೂತು ಚಾದರ ಸರಿ ಮಾಡುತ್ತಲೇ ಇದ್ದ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕೊನೆಗೆ ಆಕಾಶದಿಂದ ಕಪ್ಪೆ ಸುರಿಯುತ್ತವಂತೆ, ಯಾಕೆ ಅಂದಿರಿ. ಬೈಬಲ್ಲಿನಲ್ಲಿ ಈಜಿಪ್ಟಿಗೆ ಕಪ್ಪೆಗಳ ಕಾಟ ಬರುವ ಕಥೆ ಇದೆ. ಅದು ವಿಮೋಚನಕಾಂಡ ಅನ್ನುವ ಭಾಗದ 8ನೇ ಅಧ್ಯಾಯದ 2ನೇ ವಚನ. 8 ಮತ್ತು 2 ಸಿನಿಮಾದಲ್ಲಿ ಅಲ್ಲಲ್ಲಿ ಕಾಣುತ್ತವೆ, ಗಮನಿಸಿ. ಬೈಬಲ್ಲಿನಲ್ಲಿ ಅದು ಶಿಕ್ಷೆ. ನಮ್ಮ ಕಡೆ ಮಳೆಗಾಗಿ ಕಪ್ಪೆಗೆ ಮದುವೆ ಮಾಡುತ್ತಾರೆ ಅಲ್ವಾ? ಅದಕ್ಕೇ ಇರಬೇಕು, ನನಗೆ ಅದು ಕಾದ ನೆಲಕ್ಕೆ ಬಿದ್ದ ಮಳೆ ಅನ್ನಿಸಿತು.

ಒಟ್ಟು 188 ನಿಮಿಷ. ಎರಡು ರಾತ್ರಿ ಮಾಡಿಕೊಂಡರೂ ನಡೆಯುತ್ತದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಒಂದೇ ಹಾಡು ಹಾಡುವ ಕಡೆ ಮಾತ್ರ ನಿಲ್ಲಿಸಬೇಡಿ.